ದ್ವೀಪಕ್ಕೆ ಒಂದು ಸುತ್ತು

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆ ಈಗ ಶ್ರೀರಂಗಪಟ್ಟಣವನ್ನು ಹಾದು ಹೋಗಲೇಬೇಕೆಂಬ ನಿರ್ಬಂಧವಿಲ್ಲ. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗೆ ಬಿಟ್ಟಂತೆಯೇ ಈ ಊರನ್ನೂ ಬದಿಗೆ ಬಿಟ್ಟು ಮೈಸೂರಿನತ್ತ ಓಡುತ್ತದೆ. ಹಿಂದೆ ಹಾಗಿರಲಿಲ್ಲ. ಬಸ್ಸು ಕಿರಂಗೂರನ್ನು ದಾಟಿ ಕಾವೇರಿಯ ಉತ್ತರದ ಕವಲಿನ ಸೇತುವೆಯನ್ನು ಏರುತ್ತಿದ್ದಂತೆ, ಕಿಟಕಿಯ ಪಕ್ಕದಲ್ಲಿ ಕುಳಿತ ಮುದುಕಿಯರು ಸೆರಗಿನ ಗಂಟು ಬಿಚ್ಚಿ ಕಾಸು ಹುಡುಕುತ್ತಿದ್ದರು. ಹುಡುಕುವುದರೊಳಗೆ ಸೇತುವೆ ಮುಗಿದುಹೋದರೂ ಅವರಿಗೆ ಚಿಂತೆಯಿರಲಿಲ್ಲ. ಊರು ಕಳೆದ ಮೇಲೆ ದಕ್ಷಿಣದ ಕವಲಿನ ಸೇತುವೆ ಇದ್ದೇ ಇತ್ತು. ಒಂದೇ ನದಿಯನ್ನು ಎರಡು ಸಲ ದಾಟುವ, ಮೊದಲ ಸಲ ಮರೆತದ್ದನ್ನು ಎರಡನೆಯ ಸಲ ಸಲ್ಲಿಸುವ ಅನುಕೂಲ ಆ ಪ್ರಯಾಣದಲ್ಲಿತ್ತು.

ಹೊಸ ರಸ್ತೆಯನ್ನು ನಾನು ದೂರುವವನಲ್ಲ. ಅವಸರವಿದ್ದಾಗ ನಾನೂ ಅದರಲ್ಲಿಯೇ ಹೋಗುತ್ತೇನೆ. ಆದರೆ ದಾರಿಯ ಮೇಲಿದ್ದ ಊರೊಂದು ದಾರಿಯಿಂದ ಸರಿದು ನಿಂತಾಗ, ಅಲ್ಲಿಗೆ ಹೋಗುವವರ ಬಗೆ ಬದಲಾಗುತ್ತದೆ. ಈಗ ಅಲ್ಲಿಗೆ ತಿರುಗುವವರು ಹೆಚ್ಚಾಗಿ ಮೂರು ಬಗೆಯವರು: ರಂಗನಾಥನ ದರ್ಶನಕ್ಕೋ ನಿಮಿಷಾಂಬೆಯ ದರ್ಶನಕ್ಕೋ ಬಂದ ಭಕ್ತರು, ಬಾಡಿಗೆಯ ಕಾರಿನಲ್ಲಿ ದ್ವೀಪವನ್ನು ಒಂದು ಸುತ್ತು ಹಾಕಿಸಿಕೊಂಡು ಹೋಗುವ ಪ್ರವಾಸಿಗರು, ಮಡಕೆಯನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಸಂಗಮಕ್ಕೆ ಬರುವವರು. ಕಳೆದ ವರ್ಷ ಮೇ ತಿಂಗಳ ಮೊದಲ ವಾರದಲ್ಲಿ ನಾನು ಈ ಮೂರನೆಯ ಗುಂಪಿನವನಾಗಿ ಹೋಗಿ, ಎರಡನೆಯ ಗುಂಪಿನವನಾಗಿ ಹಿಂದಿರುಗಿದೆ. ಆ ಒಂದು ಹೊತ್ತಿನ ಸಂಗತಿಯನ್ನೇ ಇಂದು ನಿಮ್ಮ ಮುಂದೆ ಹೇಳಹೊರಟಿದ್ದೇನೆ.

ನಮ್ಮ ತಂದೆಯವರು ಕನ್ನಡ ಪಂಡಿತರು. ಅರವತ್ತರ ದಶಕದಲ್ಲಿ ನಾಲ್ಕು ವರ್ಷ ಶ್ರೀರಂಗಪಟ್ಟಣದಲ್ಲಿ ಉಪಾಧ್ಯಾಯರಾಗಿದ್ದರು. ಕೋಟೆಯ ಒಳಗೆ, ದೇವಸ್ಥಾನದ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ, ನಮ್ಮ ಬಾಡಿಗೆಯ ಮನೆಯಿತ್ತು. ಮುಂದೆ ಅವರಿಗೆ ಎಷ್ಟೋ ಊರುಗಳಿಗೆ ವರ್ಗವಾಯಿತು. ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿದರು. ಆದರೂ ತೊಂಬತ್ತೆರಡು ವರ್ಷ ಬಾಳಿದ ಆ ಜೀವ ತನ್ನ ಅಸ್ಥಿಯನ್ನು ಬಿಡಬೇಕಾದ ಜಾಗವೆಂದು ಹೆಸರಿಸಿದ್ದು ಆ ನಾಲ್ಕು ವರ್ಷದ ಊರನ್ನು. ನಾನೂ ನನ್ನ ಅಕ್ಕನೂ ಒಂದು ಕಾರನ್ನು ಗೊತ್ತುಮಾಡಿಕೊಂಡು ನಸುಕಿನಲ್ಲೇ ಹೊರಟೆವು.

ದ್ವೀಪದ ಪೂರ್ವದ ತುದಿಯಲ್ಲಿ, ಬೇರೆಯಾಗಿದ್ದ ಎರಡು ಕವಲುಗಳು ಮತ್ತೆ ಸೇರುವ ಕಡೆ, ಸಂಗಮವಿದೆ. ಬೇಸಿಗೆಯಾದುದರಿಂದ ನೀರು ಕಡಿಮೆಯಿತ್ತು. ಬಂಡೆಗಳ ಬೆನ್ನು ಕಾಣುತ್ತಿತ್ತು. ಪುರೋಹಿತರು ಹೇಳಿದಂತೆ ಮೊಣಕಾಲುದ್ದದ ನೀರಿಗೆ ಇಳಿದು, ಬೆನ್ನ ಹಿಂದಕ್ಕೆ ಮಡಕೆಯನ್ನು ಬಿಟ್ಟು, ತಿರುಗಿ ನೋಡದೆ ದಡ ಹತ್ತಿದೆ. ತಿರುಗಿ ನೋಡಬಾರದೆಂಬುದು ನಿಯಮ. ಅಕ್ಕ ದಡದಲ್ಲಿ ನಿಂತಿದ್ದವಳು ನೋಡುತ್ತಿದ್ದಳು. ಅವಳನ್ನು ಏನೂ ಕೇಳುವುದು ನನಗೆ ಆಗಲಿಲ್ಲ.

ಒದ್ದೆಯ ಬಟ್ಟೆ ಬದಲಿಸಿ ಬಂದಾಗ ನಮ್ಮ ಚಾಲಕ, ಮಂಡ್ಯದ ಕಡೆಯ ಹುಡುಗ, ತುಸು ಹಿಂಜರಿಯುತ್ತ ಮಾತು ತೆಗೆದ:

“ಸಾರ್, ಏನೂ ತಪ್ಪು ತಿಳ್ಕೋಬೇಡಿ. ಇನ್ನೂ ಹತ್ತು ಗಂಟೆ. ಎರಡು ಗಂಟೆ ಟೈಮ್ ಕೊಟ್ರೆ ಎಲ್ಲಾ ಪಾಯಿಂಟೂ ತೋರಿಸ್ಬಿಡ್ತೀನಿ. ಇಷ್ಟು ದೂರ ಬಂದವರು ಹಂಗೇ ಹೋಗೋದಾ?”

ಅಕ್ಕ ನನ್ನ ಮುಖ ನೋಡಿದಳು. “ಸೂತಕದಲ್ಲಿ ಊರು ನೋಡೋದೇನೋ?” ಎಂದಳು. ಕಾರಿನಲ್ಲಿ ಕುಳಿತ ಮೇಲೆ, ಸ್ವಲ್ಪ ಹೊತ್ತು ಬಿಟ್ಟು, ತಾನಾಗಿಯೇ ಹೇಳಿದಳು: “ಅಪ್ಪ ಆಗಿದ್ರೆ ನೋಡದೆ ಹೋಗ್ತಿರ್ಲಿಲ್ಲ ಕಣೋ. ದೇವಸ್ಥಾನದ ಒಳಗೆ ಮಾತ್ರ ಬೇಡ. ಮಿಕ್ಕಿದ್ದು ನೋಡೋಣ.”

ಹೀಗೆ ನಮ್ಮ ಸುತ್ತು ಹಿಂದುಮುಂದಾಗಿ ಮೊದಲಾಯಿತು. ಬೇರೆಯವರು ಕೋಟೆಯಿಂದ ಹೊರಟು ಸಂಗಮದಲ್ಲಿ ಮುಗಿಸುತ್ತಾರೆ. ನಾವು ಸಂಗಮದಿಂದ ಹೊರಟು ಪಶ್ಚಿಮಕ್ಕೆ ಬಂದೆವು. ದ್ವೀಪ ದೊಡ್ಡದೇನೂ ಅಲ್ಲ. ಉದ್ದ ಸುಮಾರು ಮೂರು ಮೈಲಿ, ಅಗಲ ಒಂದು ಮೈಲಿ. ಎತ್ತಿನ ಗಾಡಿಯಲ್ಲಿ ಹೋದರೂ ಒಂದು ಹೊತ್ತಿನ ದಾರಿ. ಎರಡು ಕಡೆ ಭತ್ತ, ಕಬ್ಬು, ತೆಂಗು. ನಡುನಡುವೆ ಮರಗಳ ಸಂದಿನಿಂದ ನೀರಿನ ಹೊಳಪು. ನೋಡಲು ಇಷ್ಟು ಹಿತವಾದ ದಾರಿ ನಮ್ಮ ಸೀಮೆಯಲ್ಲಿ ಅಪರೂಪ.

ಮೊದಲು ಸಿಕ್ಕಿದ್ದು ಗುಂಬಜ್. 1782ರ ಡಿಸೆಂಬರಿನಲ್ಲಿ ಹೈದರ್ ಅಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ತೀರಿಕೊಂಡ ಮೇಲೆ ಟಿಪ್ಪು ಕಟ್ಟಿಸಿದ ಸಮಾಧಿ. ಸುತ್ತಲೂ ಮೂವತ್ತಾರು ಕರಿಕಲ್ಲಿನ ಕಂಬಗಳು, ನಯಗೊಳಿಸಿದ ಅವುಗಳ ಮೈಯಲ್ಲಿ ನೋಡುವವರ ನೆರಳು ಮೂಡುತ್ತದೆ. ಒಳಗೆ ತಂದೆ, ತಾಯಿ, ಮಗ. ಮಗನನ್ನು ಇಲ್ಲಿ ಮಣ್ಣು ಮಾಡಿದ್ದು 1799ರ ಮೇ 5ರ ಸಂಜೆ. ಅಂದು ಗುಡುಗು ಸಿಡಿಲಿನ ಮಳೆ ಸುರಿದು, ಗೆದ್ದವರ ಪಾಳೆಯದಲ್ಲಿಯೇ ಸಿಡಿಲು ಬಡಿದು ಕೆಲವರು ಸತ್ತರೆಂದು ಅವರೇ ಬರೆದಿಟ್ಟಿದ್ದಾರೆ. ದಂತದ ಕುಸುರಿ ಇರುವ ಬೀಟೆಯ ಬಾಗಿಲುಗಳನ್ನು ನಮ್ಮ ಚಾಲಕ ಹೆಮ್ಮೆಯಿಂದ ತೋರಿಸಿದ. ಅವು ಸುಲ್ತಾನನ ಕಾಲದವಲ್ಲ. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮಾಡಿಸಿಕೊಟ್ಟವು. ಗೋರಿ ಸೋತವರದು, ಬಾಗಿಲು ಗೆದ್ದವರದು.

ಇದೇ ತೋಟದಲ್ಲಿ ಲಾಲ್‌ಬಾಗ್ ಎಂಬ ಅರಮನೆಯೊಂದಿತ್ತು. ಈಗ ಅದು ಇಲ್ಲಿಲ್ಲ. ಅದನ್ನು ನೋಡಬೇಕಾದವರು ಉದಕಮಂಡಲಕ್ಕೆ ಹೋಗಬೇಕು. 1830ರಲ್ಲಿ ಪ್ರತಿಷ್ಠಾಪನೆಯಾದ ಅಲ್ಲಿಯ ಸೇಂಟ್ ಸ್ಟೀಫನ್ಸ್ ಇಗರ್ಜಿಯ ತೊಲೆಗಳು ಈ ಅರಮನೆಯನ್ನು ಬಿಚ್ಚಿ ಒಯ್ದ ಮರ. ಬೆಟ್ಟದ ಮೇಲೆ ಪ್ರಾರ್ಥನೆಗೆ ಕುಳಿತವರ ತಲೆಯ ಮೇಲೆ ಸುಲ್ತಾನನ ಸೂರು ಇದೆ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು.

ಅಲ್ಲಿಂದ ಗಂಜಾಂ. ಟಿಪ್ಪು ಬೆಳೆಸಿದ ಪೇಟೆ. ಅಂಜೂರಕ್ಕೆ ಹೆಸರಾದ ಊರು. ನಮ್ಮ ಬಾಲ್ಯದಲ್ಲಿ ಅಂಜೂರವೆಂದರೆ ಗಂಜಾಮಿನದು, ಬೇರೆ ಕಡೆಯದೆಲ್ಲ ಅತ್ತಿಯ ಹಣ್ಣು ಎಂಬ ಜಂಬವಿತ್ತು. ನಿಮಿಷಾಂಬ ದೇವಸ್ಥಾನದ ಮುಂದೆ ಜನ ಸಾಲುಗಟ್ಟಿದ್ದರು. ಅಕ್ಕ ಕಾರಿನೊಳಗಿಂದಲೂ ಕೈ ಮುಗಿಯಲಿಲ್ಲ. ಸೂತಕದ ದಿನಗಳಲ್ಲಿ ದೇವರು ನಮ್ಮನ್ನು ನೋಡಬಹುದು, ನಾವು ದೇವರನ್ನು ನೋಡುವಂತಿಲ್ಲ ಎಂಬುದು ಅವಳ ಸಿದ್ಧಾಂತ.

ಮುಂದಿನದು ದರಿಯಾ ದೌಲತ್. 1784ರಲ್ಲಿ ಕಟ್ಟಿದ ಈ ತೇಗದ ಬೇಸಿಗೆ ಅರಮನೆಯ ಹೊರಗೋಡೆಗಳ ತುಂಬ ಚಿತ್ರಗಳು. ಬಿಸಿಲಿಗೆ ಬಣ್ಣ ಮಾಸದಿರಲೆಂದು ಸುತ್ತಲೂ ಪರದೆ ಇಳಿಬಿಟ್ಟಿದ್ದಾರೆ. ಪಶ್ಚಿಮದ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ನಡೆದ ಕಾಳಗ. ಆನೆಯ ಮೇಲೆ ಹೈದರ್, ಕುದುರೆಯ ಮೇಲೆ ಟಿಪ್ಪು. ಎದುರಿಗೆ ಚೌಕಟ್ಟಿನಂತೆ ಮುದುಡಿ ನಿಂತ ಕೆಂಪಂಗಿಯ ದಂಡು. ಅದರ ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕುಳಿತ ಕರ್ನಲ್ ಬೇಯ್ಲಿ. ಈ ಚಿತ್ರ ಒಮ್ಮೆ ಅಳಿಸಿಹೋಗಿ ಮತ್ತೆ ಬರೆಯಲ್ಪಟ್ಟಿತು. ತಮ್ಮವರ ಸೋಲಿನ ಈ ಚಿತ್ರವನ್ನು ಕೆಡದಂತೆ ನೋಡಿಕೊಂಡವರಲ್ಲಿ ಊರನ್ನು ಗೆದ್ದ ಮೇಲೆ ಈ ಅರಮನೆಯಲ್ಲಿಯೇ ಬಿಡಾರ ಮಾಡಿದ ಆರ್ಥರ್ ವೆಲ್ಲೆಸ್ಲಿಯೂ ಒಬ್ಬ, ಆಮೇಲೆ ಬಂದ ಡಾಲ್‌ಹೌಸಿಯೂ ಒಬ್ಬ. ಪೂರ್ತಿಯಾಗಿ ಗೆದ್ದವನಿಗೆ ತನ್ನ ಹಳೆಯ ಸೋಲನ್ನು ಗೋಡೆಯ ಮೇಲೆ ನೋಡಿ ಸಂತೋಷಪಡುವುದು ಕಷ್ಟವಲ್ಲ.

ದರಿಯಾ ದೌಲತ್ತಿನಿಂದ ಒಂದು ಮೈಲಿಯೊಳಗೆ ಕೋಟೆ. ಇಲ್ಲಿಂದ ಮುಂದೆ ನಮ್ಮ ಚಾಲಕನ ಪಾಯಿಂಟುಗಳು ಒತ್ತೊತ್ತಾಗಿ ಬಂದವು. ಬೆಂಗಳೂರು ಬಾಗಿಲಿನ ಬಳಿ ಎರಡು ಮಿನಾರುಗಳ ಮಸೀದಿ. ಉತ್ತರದ ಗೋಡೆಯ ಕೆಳಗೆ, ನದಿಯ ಮಗ್ಗುಲಲ್ಲಿ, ಬೇಯ್ಲಿಯ ಹೆಸರಿನ ಸೆರೆಮನೆ. ಗೋಡೆಯಲ್ಲಿ ನೆಟ್ಟ ಕಲ್ಲುಗಳಿಗೆ ತೋಳನ್ನು ಚಾಚಿ ನಿಂತು, ಖೈದಿಗಳನ್ನು ಕಟ್ಟಿಹಾಕುತ್ತಿದ್ದದ್ದು ಹೀಗೆ ಎಂದು ಹುಡುಗ ತೋರಿಸಿದ. ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದ ಬೇಯ್ಲಿ 1782ರಲ್ಲಿ ಈ ಊರಿನ ಸೆರೆಯಲ್ಲಿಯೇ ಸತ್ತ. ಅವನೊಡನೆ ಸಿಕ್ಕಿಬಿದ್ದ ಡೇವಿಡ್ ಬೇರ್ಡ್ ಎಂಬ ಇನ್ನೊಬ್ಬ ಅಧಿಕಾರಿ ಮೂರೂವರೆ ವರ್ಷ ಇಲ್ಲಿ ಸೆರೆಯಲ್ಲಿದ್ದು ಬಿಡುಗಡೆಯಾಗಿ, 1799ರ ಮೇ 4ರ ಮಧ್ಯಾಹ್ನ ಇದೇ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳಾಗಿ ಬಂದ.

ಆ ಮಧ್ಯಾಹ್ನದ ವಿಚಾರ ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಆದರೆ ಬೆಳಿಗ್ಗೆಯಷ್ಟೇ ಮೊಣಕಾಲುದ್ದದ ನೀರಿನಲ್ಲಿ ನಿಂತು ಬಂದವನಿಗೆ ಅದು ಬೇರೆ ರೀತಿಯಲ್ಲಿ ಅರ್ಥವಾಯಿತು. ಈ ಊರಿನ ಮೊದಲ ಕೋಟೆ ಕಾವೇರಿ. ಮುಂಗಾರು ಇಳಿದರೆ ದ್ವೀಪವನ್ನು ಮುಟ್ಟುವುದು ಯಾವ ಸೈನ್ಯಕ್ಕೂ ಸುಲಭವಲ್ಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಊರಿನ ಹತ್ತಿರದವರೆಗೆ ಬಂದೂ, ಮಳೆ ಹಿಡಿದು, ಎತ್ತುಗಳು ಸತ್ತು, ಕಾಳು ಮುಗಿದು, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆಸಿಹಾಕಿ ಹಿಂದಕ್ಕೆ ಹೋಗಬೇಕಾಯಿತು. ಎಂಟು ವರ್ಷಗಳ ಮೇಲೆ ಬಂದವರು ಆ ಪಾಠವನ್ನು ಮರೆತಿರಲಿಲ್ಲ. ಮಳೆಗೆ ಮುಂಚೆಯೇ ಪಶ್ಚಿಮದ ಗೋಡೆಯಲ್ಲಿ ಬಿರುಕು ಮಾಡಿ, ನಡುಹಗಲಿನಲ್ಲಿ, ಬೇಸಿಗೆಯ ನೀರನ್ನು ಕಾಲ್ನಡಿಗೆಯಲ್ಲಿ ದಾಟಿದರು. ಹೊಳೆ ದಾಟಲು ಅವರಿಗೆ ಹಿಡಿದದ್ದು ಕೆಲವೇ ನಿಮಿಷ. ಮಳೆ ಕೆಲವು ವಾರ ಮುಂಚೆ ಬಂದಿದ್ದರೆ ಚರಿತ್ರೆ ಏನಾಗುತ್ತಿತ್ತೋ ಎಂದು ಈ ಊರಿನ ಮಕ್ಕಳೆಲ್ಲ ಒಂದಲ್ಲ ಒಂದು ದಿನ ಯೋಚಿಸಿಯೇ ಇರುತ್ತಾರೆ.

ಟಿಪ್ಪುವಿನ ದೇಹ ಸಿಕ್ಕಿದ ಸ್ಥಳದಲ್ಲಿ ಒಂದು ಕಲ್ಲಿದೆ. ಇಲ್ಲಿಯೇ ಸಿಕ್ಕಿತು ಎಂದು ಅದು ಹೇಳುತ್ತದೆ. ಬಿರುಕು ಬಿಟ್ಟ ಗೋಡೆಯ ಹತ್ತಿರ ಸತ್ತ ಸೈನಿಕರ ನೆನಪಿಗೆ ಒಂದು ಕಂಬ ನಿಂತಿದೆ. ರೈಲುನಿಲ್ದಾಣದ ಬಳಿ ಸುಲ್ತಾನನ ಕಾಲದ ಇಟ್ಟಿಗೆಯ ಮದ್ದಿನ ಮನೆ. ಜೋಡಿ ಹಳಿಗೆ ಅಡ್ಡವಾಯಿತೆಂದು 2017ರಲ್ಲಿ ಇಡೀ ಕಟ್ಟಡವನ್ನು ಬುಡಸಹಿತ ಎತ್ತಿ, ಒಂದು ಇಟ್ಟಿಗೆ ಕೀಳದೆ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ನಮ್ಮ ಕಾಲವನ್ನು ಹಳಿಯುವವರು ಅದನ್ನೊಮ್ಮೆ ನೋಡಬೇಕು. ಮನಸ್ಸು ಮಾಡಿದರೆ ನಾವು ಹಳೆಯದನ್ನು ಎಷ್ಟು ಜೋಪಾನವಾಗಿ ಕಾಪಾಡಬಲ್ಲೆವೆಂಬುದಕ್ಕೆ ಅದು ಸಾಕ್ಷಿ.

“ಮೇನ್ ಪಾಯಿಂಟೆಲ್ಲಾ ಆಯ್ತು ಸಾರ್,” ಎಂದ ಹುಡುಗ.

ಆಗ ಅಕ್ಕ ಕೇಳಿದಳು: “ಹೊನ್ನಮ್ಮ?”

ಅವನು ಅರ್ಥವಾಗದೆ ನನ್ನ ಕಡೆ ತಿರುಗಿದ. “ಅವರದು ಯಾವ ಪಾಯಿಂಟ್ ಬರ್ತದೆ ಅಮ್ಮ?”

ಇಲ್ಲಿ ನಾನು ತಂದೆಯವರ ಒಂದು ಅಭ್ಯಾಸವನ್ನು ಹೇಳಬೇಕು. ಭಾನುವಾರದ ಸಂಜೆ ಅವರು ನಮ್ಮಿಬ್ಬರನ್ನೂ ಕೋಟೆಯೊಳಗೆ ನಡೆಸಿಕೊಂಡು ಹೋಗುತ್ತಿದ್ದರು. ಪ್ರವಾಸಿಗರು ನಿಂತು ನೋಡುವ ಕಡೆ ಅವರು ನಿಲ್ಲುತ್ತಿರಲಿಲ್ಲ. ಹುಲ್ಲು ಬೆಳೆದ ಒಂದು ಖಾಲಿ ಜಾಗದಲ್ಲೋ, ಬಿದ್ದ ಗೋಡೆಯ ಮಗ್ಗುಲಲ್ಲೋ, ಯಾರದೋ ಹಿತ್ತಿಲ ಬೇಲಿಯ ಮುಂದೋ ನಿಂತು, ಕೊಡೆಯ ತುದಿಯಿಂದ ಗಾಳಿಯಲ್ಲಿ ಒಂದು ವೃತ್ತ ಬರೆದು, “ಇಲ್ಲೆಲ್ಲೋ” ಎನ್ನುತ್ತಿದ್ದರು. ಇಲ್ಲೆಲ್ಲೋ ಗೋವಿಂದವೈದ್ಯ ನಿಂತು ನವರಾತ್ರಿಯ ಮೆರವಣಿಗೆಯನ್ನು ನೋಡಿದ್ದಾನು. ಇಲ್ಲೆಲ್ಲೋ ಸಿಂಗರಾರ್ಯ ತನ್ನ ನಾಟಕವನ್ನು ಓದಿ ಹೇಳಿದ್ದಾನು. ಇಲ್ಲೆಲ್ಲೋ ಒಂದು ಹಜಾರದಲ್ಲಿ, ರಾಣಿಯ ಎಲೆಯಡಿಕೆಯ ಸಂಚಿಯನ್ನು ಹಿಡಿದು, ಯಳಂದೂರಿನಿಂದ ಬಂದ ಹೊನ್ನಮ್ಮನೆಂಬ ಹುಡುಗಿ ನಿಂತಿದ್ದಾಳು.

ನಮಗೆ ಅದು ತಮಾಷೆಯಾಗಿತ್ತು. ಮನೆಯಲ್ಲಿ ಪೆನ್ಸಿಲು ಕಳೆದರೆ ಅಕ್ಕ ಗಾಳಿಯಲ್ಲಿ ವೃತ್ತ ಬರೆದು “ಇಲ್ಲೆಲ್ಲೋ” ಎನ್ನುತ್ತಿದ್ದಳು. ಕೇಳಿ ತಂದೆಯವರೂ ನಗುತ್ತಿದ್ದರು. ಆದರೆ ಮುಂದಿನ ಭಾನುವಾರ ಮತ್ತೆ ಅದೇ.

ಅಂದು ಆ ಖಾಲಿ ಜಾಗಗಳ ಮುಂದೆ ಕಾರು ನಿಲ್ಲಿಸಿಕೊಂಡು ನಿಂತಾಗ, ಅವರು ಯಾವುದಕ್ಕೆ ಹಟ ಹಿಡಿದಿದ್ದರೆಂಬುದು ನನಗೆ ಮೊದಲ ಸಲ ಲೆಕ್ಕಕ್ಕೆ ಸಿಕ್ಕಿತು. ಲೆಕ್ಕ ಹೀಗೆ: ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಇಲ್ಲಿ ನವರಾತ್ರಿಯ ಉತ್ಸವವನ್ನು ಮೊದಲು ಮಾಡಿದ್ದು 1610ರಲ್ಲಿ. ರಾಜಧಾನಿ ಇಲ್ಲಿಂದ ಎದ್ದದ್ದು 1799ರಲ್ಲಿ. ನಡುವೆ ನೂರೆಂಬತ್ತೊಂಬತ್ತು ವರ್ಷ. ನಾವು ಬೆಳಗಿನಿಂದ ನೋಡಿದ್ದೆಲ್ಲ, ಪೊಳ್ಳಿಲೂರಿನ ಕಾಳಗದಿಂದ ಹಿಡಿದು ಗೋರಿಯವರೆಗೆ, ಆ ಕಡೆಯ ಇಪ್ಪತ್ತು ವರ್ಷಗಳಿಗೆ ಸೇರಿದ್ದು. ಅದರಲ್ಲಿಯೂ ಅರ್ಧಕ್ಕರ್ಧ ಒಂದೇ ಮಧ್ಯಾಹ್ನಕ್ಕೆ ಸೇರಿದ್ದು. ಆ ಮಧ್ಯಾಹ್ನ ಸಣ್ಣದೆಂದು ನಾನು ಹೇಳುವುದಿಲ್ಲ. ಅಂದು ಸತ್ತವರು ಸಾವಿರಾರು. ಅಂದಿನಿಂದ ಈ ನಾಡಿನ ಹಣೆಬರಹವೇ ಬದಲಾಯಿತು. ಆದರೆ ಒಬ್ಬ ಮನುಷ್ಯನ ತೊಂಬತ್ತೆರಡು ವರ್ಷದ ಬಾಳನ್ನು ಆಸ್ಪತ್ರೆಯ ಕಡೆಯ ವಾರವೊಂದರಿಂದಲೇ ನೆನೆಯುವುದು ಸರಿಯೇ? ಅಸ್ಥಿ ಬಿಟ್ಟು ಬಂದ ದಿನ ನನಗೆ ಈ ಪ್ರಶ್ನೆ ಬರೀ ಚರಿತ್ರೆಯದಾಗಿ ಕಾಣಲಿಲ್ಲ. ಏಕೆಂದರೆ ಅದಕ್ಕೆ ಹಿಂದಿನ ಹತ್ತು ದಿನಗಳಿಂದಲೂ ನಾನು ತಂದೆಯವರನ್ನು ನೆನೆದಾಗಲೆಲ್ಲ ಆ ಮಂಚ, ಆ ಕೊಳವೆಗಳು, ಆ ಉಸಿರಾಟವೇ ಕಣ್ಣಿಗೆ ಬರುತ್ತಿದ್ದವು. ಕೊಡೆ ಹಿಡಿದು ನಡೆಯುತ್ತಿದ್ದ ಪಂಡಿತರು ಎಲ್ಲಿಯೋ ಹೋಗಿಬಿಟ್ಟಿದ್ದರು. ಅಂದು, ಆ ಹುಲ್ಲಿನ ಬಯಲಿನಲ್ಲಿ, ಅವರು ಹಿಂದಿರುಗಿ ಬಂದರು.

ಚಾಲಕನ ಪ್ರಶ್ನೆಗೆ ಉತ್ತರ ಕೊಡಬೇಕಾಗಿತ್ತು. ಅಕ್ಕನೇ ಹೇಳಿದಳು. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1648ರಲ್ಲಿ, ಗೋವಿಂದವೈದ್ಯನೆಂಬ ಕವಿ ತನ್ನ ದೊರೆಯ ಮೇಲೆ ಸಾಂಗತ್ಯದಲ್ಲಿ ಒಂದು ಕಾವ್ಯ ಬರೆದ. ಈ ಪಟ್ಟಣದ ಬೀದಿಗಳು, ಅಂಗಡಿಗಳು, ನವರಾತ್ರಿಯ ಒಡ್ಡೋಲಗ, ಮಲ್ಲರ ಕಾಳಗ ಎಲ್ಲವೂ ಅದರಲ್ಲಿವೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯರಂಥವರು ಸಾಲುಸಾಲಾಗಿ ಗ್ರಂಥಗಳನ್ನು ರಚಿಸಿದರು. ಕನ್ನಡದಲ್ಲಿ ಉಳಿದು ಬಂದಿರುವ ನಾಟಕಗಳಲ್ಲಿ ಮೊದಲನೆಯದಾದ ‘ಮಿತ್ರವಿಂದಾಗೋವಿಂದ’ವನ್ನು ಬರೆದ ಸಿಂಗರಾರ್ಯನೂ ಆ ಆಸ್ಥಾನದವನೇ. ಅರಮನೆಯ ಊಳಿಗಕ್ಕೆ ಬಂದ ಹೊನ್ನಮ್ಮ ಅಲ್ಲಿಯೇ ಓದು ಕಲಿತು, ರಾಣಿಯ ಅಪ್ಪಣೆಯಂತೆ ‘ಹದಿಬದೆಯ ಧರ್ಮ’ವನ್ನು ಬರೆದಳು. ಪತಿವ್ರತೆಯರ ನಡತೆಯನ್ನು ಬೋಧಿಸಲು ಹೊರಟ ಆ ಪುಸ್ತಕದ ನಡುವೆಯೇ, ಹೆಣ್ಣುಮಗುವನ್ನು ಕೀಳಾಗಿ ಕಾಣುವ ಲೋಕವನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳಿದಳು. ಆ ಪ್ರಶ್ನೆ ಇಂದಿಗೂ ಕನ್ನಡದ ಮಕ್ಕಳ ಪಾಠದಲ್ಲಿದೆ. ಅವಳು ಅದನ್ನು ಕೇಳಿದ ಊರಿನಲ್ಲಿ ಅವಳಿಗೊಂದು ಫಲಕ ನಮ್ಮ ಕಣ್ಣಿಗೆ ಬೀಳಲಿಲ್ಲ.

ಫಲಕ ಹಾಕುವವರ ಕಷ್ಟವೂ ನನಗೆ ತಿಳಿಯದ್ದಲ್ಲ. ಸಾವಿಗೆ ಒಂದು ಸ್ಥಳವಿರುತ್ತದೆ, ಕಲ್ಲು ನೆಡಬಹುದು. ಬಾಳಿಗೆ ಅಂಥ ಒಂದು ಸ್ಥಳವೆಲ್ಲಿ? ಹೊನ್ನಮ್ಮ ನಿಂತಿದ್ದ ಹಜಾರ, ಸಿಂಗರಾರ್ಯ ಕುಳಿತಿದ್ದ ಸಭೆ, ಒಡೆಯರ ಆ ಹಳೆಯ ಅರಮನೆಯೇ ಇಂದು ಇಲ್ಲ. ನರಸಿಂಹಸ್ವಾಮಿಯ ದೇವಸ್ಥಾನದಲ್ಲಿ ಕಂಠೀರವ ನರಸರಾಜರ ಸೊಗಸಾದ ಶಿಲಾಮೂರ್ತಿಯೊಂದು ಉಳಿದಿದೆ. ಅಂದು ನಾವು ಅದನ್ನೂ ನೋಡುವಂತಿರಲಿಲ್ಲ. ಆ ಕಾಲದ್ದರಲ್ಲಿ ತಂದೆಯವರು “ಇಲ್ಲೆಲ್ಲೋ” ಎನ್ನದೆ “ಇಲ್ಲೇ” ಎಂದು ಕೊಡೆ ಊರಿ ತೋರಿಸುತ್ತಿದ್ದದ್ದು ಒಂದನ್ನೇ: ಬಂಗಾರದೊಡ್ಡಿ ನಾಲೆ. ಅದೇ ಕಂಠೀರವ ನರಸರಾಜರ ಕಾಲದ್ದು. ನದಿಯ ಒಂದು ಕವಲಿಗೆ ಅಣೆ ಹಾಕಿ, ಆ ನೀರನ್ನು ಇನ್ನೊಂದು ಕವಲಿನ ಮೇಲೆ ಮೇಲ್ಗಾಲುವೆಯಲ್ಲಿ ದಾಟಿಸಿ ದ್ವೀಪಕ್ಕೆ ತಂದ ನಾಲೆ. ನೀರಿನ ಮೇಲೆ ನೀರನ್ನು ಹಾಯಿಸಿದವರ ಊರು ಇದು ಎಂದು ಅವರು ಹೇಳಿದಾಗ, ಚರಿತ್ರೆಯೆಂದರೆ ಕತ್ತಿಗುರಾಣಿಯೆಂದು ತಿಳಿದಿದ್ದ ನಮಗೆ ನಿರಾಶೆಯಾಗುತ್ತಿತ್ತು.

ಕೋಟೆಯಿಂದ ಹೊರಗೆ ಬಂದು, ಮೈಸೂರಿನ ಕಡೆಯ ರಸ್ತೆಯ ಬದಿಯಲ್ಲಿರುವ ದಂಡಿನವರ ಸ್ಮಶಾನಕ್ಕೆ ಹೋದೆವು. ನಮ್ಮ ಹುಡುಗನ ಪಟ್ಟಿಯಲ್ಲಿ ಅದು ಇರಲಿಲ್ಲ. ಅಲ್ಲಿ ಸುಮಾರು ಮುನ್ನೂರು ಗೋರಿಗಳಿವೆ. ಅವುಗಳಲ್ಲಿ ಸ್ವಿಟ್ಜರ್ಲೆಂಡಿನ ದ ಮ್ಯೂರೋನ್ ರೆಜಿಮೆಂಟಿನವರವೂ ಇವೆ. ಹಿಮದ ಬೆಟ್ಟಗಳ ನಾಡಿನವರು, ಮೊದಲು ಡಚ್ಚರ ಸಂಬಳಕ್ಕೆ, ಆಮೇಲೆ ಇಂಗ್ಲಿಷರ ಸಂಬಳಕ್ಕೆ ದುಡಿದು, ಕಾವೇರಿಯ ದಡದಲ್ಲಿ ಮಲಗಿದ್ದಾರೆ. ಗೆದ್ದವರಿಗೂ ಈ ದ್ವೀಪ ಒಗ್ಗಲಿಲ್ಲ. ಜ್ವರ ತಡೆಯಲಾರದೆ ಅವರು ದಂಡನ್ನು 1809ರಲ್ಲಿ ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ರಾಜಧಾನಿ ಮೈಸೂರಿಗೆ ಹೋಯಿತು, ಪಡೆ ಬೆಂಗಳೂರಿಗೆ ಹೋಯಿತು, ಅರಮನೆಯ ತೊಲೆಗಳು ಉದಕಮಂಡಲಕ್ಕೆ ಹೋದವು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು ಮಾಡಿದ ಬುಕಾನನ್, 1800ರಲ್ಲಿ ತಾನು ಬಂದಾಗ ಉಳಿದವರು ಸುಮಾರು ಮೂವತ್ತೆರಡು ಸಾವಿರವೆಂದು ಲೆಕ್ಕ ಕೊಟ್ಟಿದ್ದಾನೆ. ಹೊಸ ಹೆದ್ದಾರಿ ಊರನ್ನು ಬಿಟ್ಟುಹೋಯಿತೆಂದು ನಾವು ಇಂದು ಹೇಳುತ್ತೇವೆ. ಈ ಊರಿಗೆ ಬಿಟ್ಟುಹೋಗುವವರನ್ನು ನೋಡಿ ಅಭ್ಯಾಸವಿದೆ.

ಕೊನೆಯದಾಗಿ ಉತ್ತರದ ಕವಲಿಗೆ ಬಂದೆವು. ವಾಹನಗಳು ಓಡುವ ಸೇತುವೆಯ ಪಕ್ಕದಲ್ಲಿ ಹಳೆಯ ವೆಲ್ಲೆಸ್ಲಿ ಸೇತುವೆ. 1804ರದು. ಕಲ್ಲಿನ ಕಂಬಗಳು, ಕಂಬಗಳ ಮೇಲೆ ಕಲ್ಲಿನ ಬೋದಿಗೆಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ನಮ್ಮ ದೇವಸ್ಥಾನದ ಮಂಟಪವನ್ನೇ ಉದ್ದಕ್ಕೆ ಎಳೆದು ಹೊಳೆಗೆ ಅಡ್ಡಲಾಗಿ ನಿಲ್ಲಿಸಿದಂತಿದೆ. ಹೆಸರು ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಕಟ್ಟಿಸಿದವರು ದಿವಾನ್ ಪೂರ್ಣಯ್ಯನವರು. ಹೈದರನಿಗೆ, ಟಿಪ್ಪುವಿಗೆ, ಆಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ, ಹೀಗೆ ಮೂರು ಆಳ್ವಿಕೆಗಳಲ್ಲಿ ಲೆಕ್ಕಪತ್ರ ನೋಡಿದ ಆ ಮನುಷ್ಯನನ್ನು ಹೊಗಳುವವರೂ ಇದ್ದಾರೆ, ಹಳಿಯುವವರೂ ಇದ್ದಾರೆ. ಎಲ್ಲರೂ ಬಿಟ್ಟುಹೋಗುತ್ತಿದ್ದ ಊರಿಗೆ ಬಂದು ಹೋಗುವವರಿಗಾಗಿ ಅವರು ಸೇತುವೆ ಕಟ್ಟಿಸಿದರೆಂಬುದನ್ನು ನಾನು ನೆನೆಯುತ್ತೇನೆ. 1811ರಲ್ಲಿ ಅಧಿಕಾರವನ್ನು ಬಿಟ್ಟು ಅವರು ಬಂದು ನೆಲೆಸಿದ್ದೂ, ಮರುವರ್ಷ ತೀರಿಕೊಂಡದ್ದೂ ಈ ಊರಿನಲ್ಲಿಯೇ.

ಮಿತ್ರರೇ, ನೀವು ಈ ದಾರಿಯಲ್ಲಿ ಹೋಗುವಾಗ ಸಾಧ್ಯವಾದರೆ ಹೆದ್ದಾರಿಯಿಂದ ಇಳಿಯಿರಿ. ಫಲಕವಿರುವ ಕಡೆಗಳಲ್ಲೆಲ್ಲ ನಿಲ್ಲಿ. ಅವು ನಿಲ್ಲಬೇಕಾದ ಸ್ಥಳಗಳೇ. ಆಮೇಲೆ, ಫಲಕವಿಲ್ಲದ ಒಂದು ಕಡೆಯಲ್ಲಿಯೂ ಐದು ನಿಮಿಷ ನಿಂತುಕೊಳ್ಳಿ. ಜೊತೆಯಲ್ಲಿ ಮಕ್ಕಳಿದ್ದರೆ ಅವರಿಗೆ ಏನಾದರೊಂದು ಹೇಳಿ. ಅವರು ನಗಬಹುದು. ನಾವೂ ನಕ್ಕಿದ್ದೆವು.

ಊರನ್ನು ಬಿಡುವ ಮುಂಚೆ, ಕೋಟೆಯ ಕಂದಕದ ಪಕ್ಕದಲ್ಲಿ ಹಾಯುವಾಗ, ಹುಡುಗ ಕನ್ನಡಿಯಲ್ಲಿ ಅಕ್ಕನ ಮುಖವನ್ನು ನೋಡುತ್ತ ಕೇಳಿದ: “ಅಮ್ಮ, ಆ ಹೊನ್ನಮ್ಮನವರು, ಎಲ್ಲಿದ್ದಿದ್ದು ಅಂದ್ರಿ? ನಾಳಿದ್ದು ಒಂದು ಸ್ಕೂಲ್ ಪಾರ್ಟಿ ಕರ್ಕೊಂಡು ಬರ್ತಿದೀನಿ. ಹೆಣ್ಣುಮಕ್ಕಳು.”

ಅಕ್ಕ ಕಿಟಕಿಯ ಗಾಜನ್ನು ಇಳಿಸಿದಳು. ಬೆಳಗಿನಿಂದ ಅಳದೆ ಇದ್ದವಳು ಆಗ ಅಳುತ್ತಿದ್ದಳೆಂದು ಕಾಣುತ್ತದೆ. ಕೈಯನ್ನು ಹೊರಗೆ ಚಾಚಿ, ಗೋಡೆಯನ್ನೂ ಮರಗಳನ್ನೂ ಅವುಗಳಾಚೆಯ ಗೋಪುರವನ್ನೂ ಸೇರಿಸಿ ಗಾಳಿಯಲ್ಲಿ ಒಂದು ವೃತ್ತ ಬರೆದಳು.

“ಇಲ್ಲೆಲ್ಲೋ,” ಎಂದಳು.

ಅವನು ತಲೆಯಾಡಿಸಿ, ಕಾರಿನ ವೇಗವನ್ನು ತುಸು ಇಳಿಸಿ, ಆ ಕಡೆ ನೋಡುತ್ತ ನಿಧಾನವಾಗಿ ನಡೆಸಿದ.